ವಿಮ್ಮಣ್ಣನ ಸೈಕಲ್ಲಿಗೆ ಅವ್ವನ ಎಣ್ಣೆ

ತಿಪಟೂರು

ಪರದೇಶಕ್ಕೆ ಹೊರಟವರು ಸೂಟು ಹೊಲಿಸುತ್ತಾರೆ. ನಾನೂ ಗಂಗಾಧರನೂ ತಿಪಟೂರಿನ ಪೇಟೆಯಲ್ಲಿ ಎರಡು ದಿನ ಅಲೆದು ಕೊಂಡದ್ದು ಎರಡು ಜೊತೆ ಬಿಳಿ ಕ್ಯಾನ್ವಾಸ್ ಶೂ, ಎರಡು ಖಾಕಿ ಚಡ್ಡಿ ಮತ್ತು ಒಂದು ಸೀಟಿ. ಸೀಟಿ ಯಾಕೆಂದರೆ, ನಾನು ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸೀಟಿ ಇಲ್ಲದೆ ಮನೆಯಿಂದ ಹೊರಗೆ ಕಾಲಿಟ್ಟು ಅಭ್ಯಾಸವಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು ಇದು. ನಮ್ಮ ಊರು ನೊಣವಿನಕೆರೆಯ ಪಕ್ಕ, ನನ್ನ ಹೈಸ್ಕೂಲು ದಬ್ಬೇಘಟ್ಟದ ಕಡೆ. ಗಂಗಾಧರ ಕೆಂಕೆರೆಯವನು, ತೋಟ ಮತ್ತು ನಾಲ್ಕು ಎಮ್ಮೆಗಳ ಯಜಮಾನ, ನನ್ನ ಜೊತೆ ಓದಿದವನು. ಹಳ್ಳಿಯ ಯುವಕರನ್ನು ಮೂರು ತಿಂಗಳು ಹಾಲೆಂಡಿನ ರೈತರ ಮನೆಗಳಲ್ಲಿ ಇರಿಸಿ, ಅಲ್ಲಿಯವರನ್ನು ಇಲ್ಲಿಗೆ ಕರೆಸುವ ಒಂದು ಏರ್ಪಾಡಿತ್ತು. ಅದರಲ್ಲಿ ನಮ್ಮಿಬ್ಬರ ಹೆಸರು ಹೇಗೋ ಬಂತು. ಹೊರಡುವ ಮುಂಚೆ ಅಲ್ಲಿಯ ಮನೆಯ ಯಜಮಾನ ವಿಮ್ ಎಂಬಾತನಿಂದ ಒಂದು ಕಾಗದವೂ ಬಂತು. ಜೂನ್ ತಿಂಗಳಲ್ಲಿ ನಮ್ಮ ಊರಿನಲ್ಲಿ ಒಂದು ಪಂದ್ಯ ಇದೆ, ಕೆರೆಯಲ್ಲಿ ಈಜಿ, ಆಮೇಲೆ ಸೈಕಲ್ ತುಳಿದು, ಕೊನೆಗೆ ಓಡಬೇಕು, ನಡುವೆ ಬಿಡುವಿಲ್ಲ, ನಾನು ಹೆಸರು ಕೊಟ್ಟಿದ್ದೇನೆ, ನಿಮ್ಮಲ್ಲಿ ಯಾರಿಗಾದರೂ ಆಸೆಯಿದ್ದರೆ ನಿಮ್ಮ ಸಾಮಾನು ತನ್ನಿ ಎಂದು ಬರೆದಿದ್ದ.

ಗಂಗಾಧರ ಕಾಗದವನ್ನು ಎರಡು ಸಲ ಓದಿಸಿ ಕೇಳಿದ.

"ಇದೇನ್ಲಾ ಇದು, ನಾವು ದಿನಾ ಮಾಡೋದೇ ಅಲ್ವೇ? ಬಾವೀಗ್ ಬೀಳೋದು, ಸೈಕಲ್ ಮ್ಯಾಲೆ ಕಾಯಿ ಹೇರ್ಕಂಡು ತುಳಿಯೋದು, ಬಸ್ಸಿನ್ ಹಿಂದೆ ಓಡೋದು. ಇದ್ಕೊಂದು ಪಂದ್ಯ ಬೇರೆ ಮಾಡವ್ರೆ."

ಬಾವಿಗೆ ಬೀಳುವ ಮಾತನ್ನು ಅವನು ಆಡಬಾರದಿತ್ತು. ನಮ್ಮ ಕಡೆ ಎರಡು ಒಣಗಿದ ತೆಂಗಿನಕಾಯಿಗಳ ಸಿಪ್ಪೆ ಸೀಳಿ ಗಂಟು ಹಾಕಿ ಸೊಂಟಕ್ಕೆ ಕಟ್ಟಿ, ತೋಟದ ಬಾವಿಗೆ ತಳ್ಳಿ ಈಜು ಕಲಿಸುತ್ತಾರೆ. ಗಂಗಾಧರನ ಗಂಟು ಮೊದಲ ದಿನವೇ ಬಿಚ್ಚಿಕೊಂಡಿತ್ತು. ಕಾಯಿ ತೇಲಿತು, ಇವನು ಮುಳುಗಿದ. ಮೇಲೆತ್ತಿದ ಮೇಲೆ ಅವನು ನೀರಿಗಿಳಿದದ್ದನ್ನು ಯಾರೂ ನೋಡಿಲ್ಲ. ಹಾಗಾಗಿ ಪಂದ್ಯ ನನ್ನ ಪಾಲಿಗೆ, ಸಲಹೆ ಅವನ ಪಾಲಿಗೆ ಬಂತು.

ಶೂ ಆರಿಸುವಾಗ ಅವನು ಒಂದೊಂದನ್ನೂ ಮಡಿಸಿ, ಮೂಸಿ, ಕೊನೆಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಅಂಗಡಿಯವನು ನಗಲಿಲ್ಲ. ಅವನೂ ನಮ್ಮ ಕಡೆಯವನೇ. ವರ್ಷಗಟ್ಟಲೆ ಅಟ್ಟದ ಮೇಲಿಟ್ಟ ಕಾಯಿ ಒಳಗೇ ಒಣಗಿ ಉಂಡೆ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ನಾವು ಕಿವಿಯಲ್ಲಿ ನೋಡುವವರು. ಒಳಗೆ ಗಿಟಗಿಟ ಎಂದರೆ ಆಯಿತು ಎಂದರ್ಥ. ಹುಟ್ಟಿದಾಗಿನಿಂದ ಮಾಡಿದ ಕೆಲಸ, ಕೈಯಲ್ಲಿ ಏನು ಸಿಕ್ಕಿದರೂ ಕಿವಿಗೆ ಹೋಗುತ್ತದೆ.

ಹೊರಡುವ ದಿನ ಅವ್ವ ಎರಡು ಬಾಟಲಿ ಎಣ್ಣೆ ತಂದು ಪೆಟ್ಟಿಗೆಯಲ್ಲಿಟ್ಟಳು. ನಮ್ಮದೇ ತೋಟದ ಕೊಬ್ಬರಿ, ತಾನೇ ಬಿಸಿಲಿಗೆ ಹಾಕಿ, ಗಾಣದ ಮುಂದೆ ಕೂತು ಆಡಿಸಿದ್ದು.

"ಮೈಗೆ ಹಚ್ಕ, ತಲೆಗೆ ಹಚ್ಕ. ಚಳಿ ದೇಸ ಅಂತೀಯ, ಗಟ್ಟಿಯಾಯ್ತದೆ. ಒಲೆ ಪಕ್ಕ ಇಕ್ಕಂಡು ಕರಗುಸ್ಕಬೇಕು, ಕೇಳುಸ್ತಾ?"

ಕೇಳಿಸಿತು ಎಂದೆ. ಕೇಳಿಸಿದ್ದು ಮೈಗೆ ಹಚ್ಚಿಕೋ ಎಂಬುದು ಮಾತ್ರ. ಮಿಕ್ಕದ್ದರ ಹೊತ್ತಿಗೆ ನಾನು ಸೀಟಿ ಹುಡುಕುತ್ತಿದ್ದೆ.

ವಿಮ್ಮಣ್ಣನ ಮನೆ

ಹಾಲೆಂಡಿನ ಉತ್ತರದ ಕಡೆ, ಎಲ್ಲಿ ನಿಂತರೂ ಹತ್ತು ಮೈಲಿ ಕಾಣುವ ಬಯಲು. ಒಂದು ಗುಡ್ಡವಿಲ್ಲ, ಒಂದು ಬಂಡೆಯಿಲ್ಲ. ಒಂದು ತೆಂಗಿನ ಮರವೂ ಇಲ್ಲದೆ ಆಕಾಶ ಬೋಳಾಗಿತ್ತು. ಮೊದಲ ಎರಡು ದಿನ ನನಗೆ ತಲೆ ಎತ್ತಿದಾಗಲೆಲ್ಲ ಏನೋ ಕಳೆದುಕೊಂಡಂತಾಗುತ್ತಿತ್ತು.

ವಿಮ್‌ಗೆ ಐವತ್ತರ ಹತ್ತಿರ. ಎತ್ತರದ ಆಳು, ಕೆಂಪು ಕತ್ತು, ಕಡಿಮೆ ಮಾತು. ಅರವತ್ತು ಹಸು ಕರೆಯುವ ಮನೆ, ಕರೆಯುವುದೆಲ್ಲ ಯಂತ್ರ. ಅವನ ಹೆಂಡತಿ ಆನೆಕೆ ನಗುಮುಖದವಳು, ಗಂಡನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ನಮ್ಮನ್ನು ಹೆಸರು ಹಿಡಿದೇ ಕರೆಯಿರಿ ಎಂದು ಇಬ್ಬರೂ ಒತ್ತಾಯ ಮಾಡಿದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವನನ್ನು ಬರೀ ಹೆಸರಿನಿಂದ ಕೂಗುವುದಕ್ಕೆ ನಾಲಿಗೆ ಏಳಲಿಲ್ಲ. ಎರಡನೆಯ ದಿನ ಗಂಗಾಧರ ಅವನನ್ನು ವಿಮ್ಮಣ್ಣ ಎಂದ. ಅವನಿಗೆ ಅದು ಇಷ್ಟವಾಗಿ, ತನ್ನ ಹೆಸರಿನ ಪೂರ್ತಿ ರೂಪ ಅದೇ ಎನ್ನುವಂತೆ ಓಗೊಟ್ಟ.

ಅಲ್ಲಿಯವರು ಊಟವಾಯಿತೇ ಎಂದು ಕೇಳುವುದಿಲ್ಲ. ಊಟದ ಹೊತ್ತಿಗೆ ಬಂದವರನ್ನು ಕೂರಿಸಿ, ತಾವು ಊಟ ಮುಗಿಸುವ ತನಕ ಕಾಯಿಸುತ್ತಾರೆ. ಕಾಫಿಗೆ ಒಂದು ಬಿಸ್ಕತ್ತು ಕೊಟ್ಟು ಡಬ್ಬದ ಮುಚ್ಚಳ ಹಾಕುತ್ತಾರೆ. ಗಂಗಾಧರ ಆ ಡಬ್ಬವನ್ನು ಮೂರು ತಿಂಗಳು ದ್ವೇಷಿಸಿದ. ಆದರೆ ನನ್ನ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಸೋರಿ ಅಷ್ಟೂ ಬಟ್ಟೆ ಎಣ್ಣೆಯಾದಾಗ, ಆನೆಕೆ ಒಂದು ಮಾತೂ ಆಡದೆ ಎಲ್ಲವನ್ನೂ ಒಗೆದು, ಇಸ್ತ್ರಿ ಮಾಡಿ, ಮಡಿಸಿ ಹಾಸಿಗೆಯ ಮೇಲಿಟ್ಟಿದ್ದಳು. ಚಡ್ಡಿಗೂ ಇಸ್ತ್ರಿ ಮಾಡಿದ್ದಳು. ನನಗೆ ನಾಚಿಕೆಯಿಂದ ಆ ದಿನ ಅವಳ ಮುಖ ನೋಡಲಾಗಲಿಲ್ಲ.

ಉಳಿದ ಒಂದು ಬಾಟಲಿಯನ್ನು ಅಡುಗೆಮನೆಯ ಒಲೆಯ ಮೇಲಿನ ಹಲಗೆಯಲ್ಲಿಟ್ಟವಳೂ ಆನೆಕೆಯೇ. ಅಲ್ಲಿ ಬೆಚ್ಚಗಿದ್ದು ಅದು ಯಾವಾಗಲೂ ನೀರಿನಂತೆ ತೆಳ್ಳಗೇ ಇರುತ್ತಿತ್ತು. ಅವ್ವ ಹೇಳಿದ್ದನ್ನು ಅವ್ವನನ್ನು ನೋಡದ ಹೆಂಗಸು ಮಾಡಿದ್ದಳು, ಅದಕ್ಕೇ ನನಗೆ ಅವ್ವನ ಮಾತು ನೆನಪಾಗುವ ಸಂದರ್ಭವೇ ಬರಲಿಲ್ಲ.

ತಕ್ಕಡಿಯ ಅಂಗಡಿ

ವಿಮ್ಮಣ್ಣ ನಮ್ಮ ಸಾಮಾನನ್ನೆಲ್ಲ ಹರಡಿಸಿ ನೋಡಿದ. ಸೀಟಿಯನ್ನು ಎತ್ತಿ ನೋಡಿ ಮತ್ತೆ ಇಟ್ಟ. ಮಾರನೆಯ ದಿನ ನಮ್ಮನ್ನು ಪಕ್ಕದ ಊರಿನ ಸೈಕಲ್ ಅಂಗಡಿಗೆ ಕರೆದುಕೊಂಡು ಹೋದ.

ಅಂಗಡಿಯ ನಡುವೆ ಒಂದು ತಕ್ಕಡಿ ಇತ್ತು. ಅಂಗಡಿಯವನು ಏನು ಕೇಳಿದರೂ ಮೊದಲು ತೂಗುತ್ತಿದ್ದ. ಶೂ ತೂಗಿದ, ಸೀಟು ತೂಗಿದ, ಪೆಡಲು ತೂಗಿದ. ಕಡಿಮೆ ತೂಗಿದಷ್ಟೂ ಅವನ ಮುಖ ಅರಳುತ್ತಿತ್ತು. ತಿಪಟೂರಿನ ಮಂಡಿಯಲ್ಲಿ ಬೆಳೆದವನಿಗೆ ಇದು ಪೂರ್ತಿ ತಲೆಕೆಳಗು. ನಮ್ಮ ಕಡೆ ಸೈಕಲ್ ಕೊಳ್ಳುವವನು ಇದು ಎಷ್ಟು ಕಾಯಿ ಹೊರುತ್ತದೆ ಎಂದು ಕೇಳುತ್ತಾನೆ. ಇದು ಎಷ್ಟು ತೂಗುತ್ತದೆ ಎಂದು ಕೇಳಿದವನನ್ನು ನಾನು ಕಂಡಿಲ್ಲ.

ಬೇಸಿಗೆಗೆ ಮುಂಚೆ ವಿಮ್ಮಣ್ಣ ಕೊಂಡಿದ್ದ ರೇಸಿಂಗ್ ಸೈಕಲ್ಲಿನ ಅಣ್ಣತಮ್ಮಂದಿರು ಅಲ್ಲಿ ಸಾಲಾಗಿ ನೇತಾಡುತ್ತಿದ್ದವು. ಒಂದನ್ನು ಎತ್ತಿದೆ, ಒಂದೇ ಕೈಗೆ ಬಂತು. ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಬೆಲ್ಲಿಲ್ಲ, ಮಡ್‌ಗಾರ್ಡಿಲ್ಲ. ನಿಲ್ಲಿಸುವುದು ಹೇಗೆ ಎಂದು ಕೇಳಿದೆ. ಗೋಡೆಗೆ ಒರಗಿಸಬೇಕು ಎಂದ ಅಂಗಡಿಯವನು. ಗೋಡೆ ಇಲ್ಲದ ಕಡೆ? ಮಲಗಿಸಬೇಕು. ಸೈಕಲ್ಲನ್ನು ನೆಲಕ್ಕೆ ಮಲಗಿಸುವುದನ್ನು ನೋಡಿದ್ದರೆ ನಮ್ಮಪ್ಪ ನನಗೆ ಬಾರಿಸುತ್ತಿದ್ದ.

ಆದರೂ ಆ ಅಂಗಡಿಯವನಿಂದ ನಾನು ಕಲಿತದ್ದು ಕಡಿಮೆಯೇನಲ್ಲ. ಈಜುವವರು ಹಾಕುವ ನೀರಿನ ಕನ್ನಡಕವನ್ನು ಪಟ್ಟಿಯಿಲ್ಲದೆ ಕಣ್ಣಿಗೆ ಒತ್ತಿ ಕೈ ಬಿಡಬೇಕು, ಒಂದು ಕ್ಷಣ ತಾನಾಗಿ ಅಂಟಿಕೊಂಡು ನಿಂತರೆ ಅದು ನಿನ್ನ ಮುಖದ್ದು ಎಂದು ತೋರಿಸಿದ. ಓಡುವ ಶೂವನ್ನು ಬೆಳಿಗ್ಗೆ ಕೊಳ್ಳಬಾರದು, ದಿನವಿಡೀ ನಡೆದು ಪಾದ ಊದಿದ ಸಂಜೆ ಕೊಳ್ಳಬೇಕು ಎಂದ. ನನ್ನ ಪಾದವನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದ. ಬರಿಗಾಲಲ್ಲಿ ಬೆಳೆದ ಪಾದ, ಬೆರಳುಗಳು ಅಗಲವಾಗಿ ಒಂದೊಂದೂ ಒಂದೊಂದು ದಿಕ್ಕಿಗೆ ನಿಂತಿದ್ದವು. ಅವನು ಒಳಗಿನಿಂದ ಹೆಂಡತಿಯನ್ನು ಕರೆದು ಆ ಕಾಗದ ತೋರಿಸಿದ. ಅವನ ಅಂಗಡಿಯ ಯಾವ ಶೂಗೂ ಅದು ಹಿಡಿಸಲಿಲ್ಲ. ನನ್ನ ಕ್ಯಾನ್ವಾಸ್ ಶೂಗಳೇ ಗೆದ್ದವು.

ಗಂಗಾಧರ ತೊಗಲಿನ ಪಟ್ಟಿಗಳಿಂದ ಹೆಣೆದ ಟೋಪಿಯೊಂದನ್ನು ಎತ್ತಿಕೊಂಡು ಎಂದಿನಂತೆ ಕಿವಿಯ ಹತ್ತಿರ ಅಲ್ಲಾಡಿಸಿದ.

"ಎತ್ತಿನ್ ಬಾಯಿಗ್ ಹಾಕೋ ಕುಕ್ಕೆ ಕಣ್ಲಾ ಇದು. ಇವ್ರು ತಲೆಗ್ ಹಾಕ್ಕತಾರೆ."

ಕೊನೆಗೆ ನಾನು ಕೊಂಡದ್ದು ಒಂದು ನೀರಿನ ಕನ್ನಡಕ. ಸೈಕಲ್ಲಿಗೆ ವಿಮ್ಮಣ್ಣನ ತಂದೆಯ ಹಳೆಯ ಕಪ್ಪು ಸೈಕಲ್ಲೇ ಸಾಕು ಎಂದೆ. ಅದಕ್ಕೆ ಸ್ಟ್ಯಾಂಡಿತ್ತು, ಕ್ಯಾರಿಯರ್ ಇತ್ತು, ಚೈನನ್ನು ಪೂರ್ತಿ ಮುಚ್ಚುವ ತಗಡಿನ ಕವಚವಿತ್ತು. ಅದು ಭಾರ, ಗಾಳಿಗೆ ಎದುರಾಗಿ ತುಳಿಯಲಾರೆ ಎಂದು ವಿಮ್ಮಣ್ಣ ಎಚ್ಚರಿಸಿದ. ಇನ್ನೂರು ಕಾಯಿ ಹೇರಿಲ್ಲವಲ್ಲ, ನನಗೆ ಹಗುರವೇ ಎಂದೆ.

ಕೆರೆಯ ದಂಡೆ

ಬಾವಿಯಲ್ಲಿ ಈಜಿದವನಿಗೆ ಕೆರೆ ಹೆದರಿಕೆ ತರುತ್ತದೆ. ಬಾವಿಗೆ ನಾಲ್ಕು ಕಡೆ ಗೋಡೆ, ಕೈ ಚಾಚಿದರೆ ಮೆಟ್ಟಿಲು. ಇಲ್ಲಿ ಆಚೆಯ ದಡ ಒಂದು ಗೆರೆಯ ಹಾಗೆ ಕಾಣುತ್ತಿತ್ತು. ನೀರಿಗೆ ಕಾಲಿಟ್ಟ ಕೂಡಲೇ ಮೊಣಕಾಲಿನವರೆಗೆ ಮೂಳೆ ನೋಯುವ ಚಳಿ. ವಿಮ್ಮಣ್ಣ ಸಮುದ್ರದಲ್ಲಿ ಮುಳುಗುವವರ ದಪ್ಪ ರಬ್ಬರ್ ಅಂಗಿಯೊಂದನ್ನು ಯಾರಿಂದಲೋ ಎರವಲು ತಂದು ತೊಟ್ಟು ನೋಡಿದ. ಬೆಚ್ಚಗೇನೋ ಇತ್ತು, ಕೈ ಎತ್ತಲಾಗದೆ ಕಂಬದ ಹಾಗೆ ನಿಂತ. ಅದು ಅಂದೇ ವಾಪಸು ಹೋಯಿತು.

ನಾನು ಮೈಗೆಲ್ಲ ಅವ್ವನ ಎಣ್ಣೆ ತಿಕ್ಕಿಕೊಂಡು ಇಳಿದೆ. ಚಳಿ ಹೋಗಲಿಲ್ಲ, ಆದರೆ ಚರ್ಮಕ್ಕೆ ನೇರವಾಗಿ ತಾಗಲಿಲ್ಲ. ವಿಮ್ಮಣ್ಣನೂ ಎರಡನೆಯ ದಿನ ಅಂಗೈ ಚಾಚಿದ. ತಲೆ ಮೇಲೆತ್ತಿ ಕಪ್ಪೆಯಂತೆ ಈಜುವ ನನಗೆ ಅವನು ಮುಖ ಮುಳುಗಿಸಿ ಪಕ್ಕಕ್ಕೆ ಉಸಿರೆಳೆಯುವುದನ್ನು ಕಲಿಸಿದ. ಗಂಗಾಧರ ದಂಡೆಯಲ್ಲಿ ಟವೆಲ್ ಹಿಡಿದು ಕೂತು, ಊರಿಗೆ ಬರೆದು ಎರಡು ಒಣಕಾಯಿ ತರಿಸಿ ನಿಮ್ಮಿಬ್ಬರಿಗೂ ಕಟ್ಟುತ್ತೇನೆ ಎನ್ನುತ್ತಿದ್ದ.

ಹೀಗೆ ಒಂದು ಸಂಜೆ ಬಿಸಿಲಿಗೆ ಮೈ ಒಣಗಿಸುತ್ತಾ ಕೂತಿದ್ದಾಗ ವಿಮ್ಮಣ್ಣ ತಾನಾಗಿ ಬಾಯಿ ತೆರೆದ. ಹೋದ ವರ್ಷದ ಪಂದ್ಯದಲ್ಲಿ ಅವನು ಸೈಕಲ್ ತುಳಿಯುತ್ತಾ ಅರ್ಧದಲ್ಲಿ ನಿಂತಿದ್ದ. ಚೈನು ತುಂಡಾಯಿತು ಎಂದು ಊರಿಗೆಲ್ಲ ಹೇಳಿದ್ದ. ಊರು ನಂಬಿತ್ತು. ಆನೆಕೆಯೂ ನಂಬಿದ್ದಾಳೆ ಎಂದುಕೊಂಡಿದ್ದ.

"ಚೈನಿಗೆ ಏನೂ ಆಗಿರಲಿಲ್ಲ. ಹಿಂದೆ ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಕೊನೆಯವನಾಗಿ ಹೋಗಿ ಎಲ್ಲರ ಮುಂದೆ ನಿಲ್ಲಬೇಕಲ್ಲ ಎಂದು ಹೆದರಿ ಇಳಿದುಬಿಟ್ಟೆ."

ಅದಕ್ಕೇ ಈ ವರ್ಷ ಅಂಗಡಿಯಲ್ಲಿದ್ದ ಅತ್ಯುತ್ತಮ ಸೈಕಲ್ಲನ್ನೇ ಕೊಂಡನಂತೆ. ಕೆಡದಿರುವ ಸೈಕಲ್ ಇರಬೇಕು, ನೆಪಕ್ಕೆ ಜಾಗವಿರಬಾರದು ಎಂದ. ಹೇಳಿ ಮುಗಿಸಿ ಶೂ ಹಾಕಿಕೊಂಡು ಹಸುಗಳ ಕಡೆ ಹೋದ. ಅಷ್ಟು ದೊಡ್ಡ ಆಳು ಅಂಥ ಮಾತನ್ನು ನನ್ನನ್ನು ನಂಬಿ ಹೇಳಿದ್ದಕ್ಕೆ ನನ್ನ ಮನಸ್ಸು ತುಂಬಿ ಬಂದಿತ್ತು.

ಹಿಂದಿನ ದಿನದ ಸಂಜೆ

ಆ ಮಾತು ಕೇಳಿದ ಮೇಲೆ ಅವನ ಸೈಕಲ್ಲಿಗೆ ನಾವೇನಾದರೂ ಮಾಡಬೇಕು ಎನಿಸಿತು. ನಮ್ಮ ಕಡೆ ದೊಡ್ಡ ಕೆಲಸಕ್ಕೆ ಹೊರಡುವ ಗಾಡಿಯನ್ನು ತೊಳೆದು, ಎಣ್ಣೆ ಹಾಕಿ, ಪೂಜೆ ಮಾಡಿಯೇ ಹೊರಡಿಸುವುದು. ಪಂದ್ಯದ ಹಿಂದಿನ ಸಂಜೆ ದಂಪತಿಗಳು ಹಾಲು ಕರೆಯುತ್ತಿದ್ದಾಗ ನಾನೂ ಗಂಗಾಧರನೂ ಷೆಡ್ಡು ಹೊಕ್ಕೆವು. ಅಲ್ಲಿ ಸಂಜೆ ಎಂದರೆ ನಮ್ಮ ಮಧ್ಯಾಹ್ನದ ಬೆಳಕು. ಆ ದಿನ ಸೆಕೆಯೂ ಇತ್ತು, ಪಕ್ಕದ ಕೊಟ್ಟಿಗೆಯ ಕಾವೂ ಇತ್ತು.

ಚೈನಿನ ಮೇಲೆ ವಿಮ್ಮಣ್ಣ ಹಾಕಿದ್ದ ಕರಿ ಎಣ್ಣೆ ನಮ್ಮ ಕಣ್ಣಿಗೆ ಕೊಳೆಯ ಹಾಗೆ ಕಂಡಿತು. ಸೀಮೆಎಣ್ಣೆಯಲ್ಲಿ ಅದನ್ನೆಲ್ಲ ತೊಳೆದೆವು. ಹಿಂದಿನ ಗಾಲಿಯ ನಡುವಿನ ಹಲ್ಲುಚಕ್ರ, ಫ್ರೀವೀಲಿನೊಳಕ್ಕೂ ಸೀಮೆಎಣ್ಣೆ ಬಿಟ್ಟು, ಗರಗರ ತಿರುಗಿಸಿ, ಒಳಗಿದ್ದದ್ದೆಲ್ಲ ಹೊರಗೆ ಬರುವಂತೆ ಮಾಡಿದೆವು. ಆಮೇಲೆ ಗಂಗಾಧರ ಬಾಟಲಿ ಹಿಡಿದ, ನಾನು ಹಕ್ಕಿಗರಿಯಲ್ಲಿ ಅದ್ದಿ ಅದ್ದಿ ಚೈನಿಗೆ ಹಚ್ಚಿದೆ. ಫ್ರೀವೀಲಿಗೆ ಧಾರಾಳವಾಗಿ ಸುರಿದೆವು. ಗಾಲಿ ಸದ್ದಿಲ್ಲದೆ ತಿರುಗಿತು.

"ನೋಡ್ಲಾ, ಹೆಂಗ್ ತಿರುಗ್ತೈತೆ. ಈ ಎಣ್ಣೆ ಇವ್ರ್ ದೇಸ್ದಾಗೆ ಎಲ್ ಸಿಕ್ಕಬೇಕು."

ಸೈಕಲ್ಲಿನ ಅಡ್ಡಪಟ್ಟಿಗೆ ಮೂರು ಬೆರಳ ವಿಭೂತಿ ಎಳೆದೆ. ಹಳೆಯ ಸೈಕಲ್ಲಿಗೂ ವಿಭೂತಿ ಎಳೆದೆ, ಆದರೆ ಅದರ ಚೈನು ಕವಚದೊಳಗಿತ್ತು, ಬಿಚ್ಚುವುದಕ್ಕೆ ಬೇಸರವಾಗಿ ಬಿಟ್ಟೆ. ವಿಮ್ಮಣ್ಣನಿಗೆ ಏನೂ ಹೇಳಲಿಲ್ಲ. ಬೆಳಿಗ್ಗೆ ತುಳಿದಾಗ ತಾನಾಗಿ ತಿಳಿಯಲಿ ಎಂದು ನಾವಿಬ್ಬರೂ ಒಳಗೊಳಗೇ ಹಿಗ್ಗಿದೆವು.

ಪಂದ್ಯದ ದಿನ

ಬೆಳಿಗ್ಗೆ ಏಳುವಾಗ ಗಾಳಿ ಉತ್ತರದಿಂದ ಬೀಸತೊಡಗಿತ್ತು. ಹಿಂದಿನ ದಿನದ ಸೆಕೆ ಎಲ್ಲಿ ಹೋಯಿತೋ, ಬಾಯಿ ತೆರೆದರೆ ಹೊಗೆ. ಸೈಕಲ್ಲುಗಳನ್ನು ಕೆರೆಯ ಪಕ್ಕದ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ ಎರಡು ಗಂಟೆ ಕಾದೆವು. ನನ್ನ ಮೈಗೆ ಹಚ್ಚಿದ ಎಣ್ಣೆ ಬೆಳ್ಳಗೆ ಮೇಣದಂತೆ ಕಟ್ಟಿಕೊಳ್ಳುತ್ತಿತ್ತು. ಅದನ್ನು ನೋಡಿದೆ, ತಿಕ್ಕಿದೆ, ಅಷ್ಟೇ. ಅದೇ ಎಣ್ಣೆ ಇನ್ನೊಂದು ಕಡೆಯೂ ಇದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಈಜಿದ್ದು ಹೆಚ್ಚು ನೆನಪಿಲ್ಲ. ಯಾರದೋ ಕಾಲು ಮುಖಕ್ಕೆ ಬಡಿಯಿತು, ಕನ್ನಡಕ ಮಾತ್ರ ಅಂಗಡಿಯವನ ಮಾತಿನಂತೆ ಅಲುಗಲಿಲ್ಲ. ನಾನು ದಡ ಹತ್ತುವಾಗ ವಿಮ್ಮಣ್ಣ ಆಗಲೇ ಸೈಕಲ್ ಏರಿ ಹೋಗಿದ್ದ. ಶೂ ದಾರ ಕಟ್ಟಿಕೊಂಡು ನಾನೂ ಕಪ್ಪು ಸೈಕಲ್ ಹತ್ತಿದೆ. ಎಲ್ಲರೂ ನನ್ನನ್ನು ದಾಟಿ ಹೋದರು. ಒಬ್ಬ ಹೋಗುತ್ತಾ ನನ್ನ ಕ್ಯಾರಿಯರ್ ಕಡೆ ನೋಡಿ ಕೈಬೀಸಿದ.

ಕಾಲುವೆಯ ತಿರುವು ದಾಟಿ ಸ್ವಲ್ಪ ದೂರದಲ್ಲಿ ವಿಮ್ಮಣ್ಣ ರಸ್ತೆಯ ಪಕ್ಕ ನಿಂತಿದ್ದ. ಸೈಕಲ್ಲನ್ನು ತಲೆಕೆಳಗು ಮಾಡಿ ಪೆಡಲು ತಿರುಗಿಸುತ್ತಿದ್ದ. ಪೆಡಲು ತಿರುಗುತ್ತಿತ್ತು, ಚೈನು ತಿರುಗುತ್ತಿತ್ತು, ಗಾಲಿ ಮಾತ್ರ ಅಲುಗುತ್ತಿರಲಿಲ್ಲ. ತಿರುವಿನಲ್ಲಿ ಒಂದು ಗಳಿಗೆ ತುಳಿಯುವುದನ್ನು ನಿಲ್ಲಿಸಿದನಂತೆ. ಆಮೇಲೆ ಎಷ್ಟು ತುಳಿದರೂ ಕಾಲಿಗೆ ಹಿಡಿತವೇ ಸಿಗಲಿಲ್ಲವಂತೆ.

ಅವನು ನನ್ನ ಕಡೆ ನೋಡದೆ ಎದೆಯ ಮೇಲಿನ ನಂಬರಿನ ಪಿನ್ನು ಬಿಚ್ಚತೊಡಗಿದ.

"ಸೈಕಲ್ ಕೆಟ್ಟಿತು ಎಂದು ಹೇಳಬೇಕು ಈಗ. ಎರಡನೆಯ ಸಲ. ನಾನೇ ನಂಬುವುದಿಲ್ಲ, ಇನ್ನು ಬೇರೆಯವರು?"

ನಾನು ಫ್ರೀವೀಲ್ ಮುಟ್ಟಿ ನೋಡಿದೆ. ಹಲ್ಲುಗಳ ಸಂದಿನಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಮಾರ್ಗಶಿರದ ಬೆಳಿಗ್ಗೆ ನಮ್ಮ ಮನೆಯ ಎಣ್ಣೆ ಬಾಟಲಿಯಲ್ಲಿ ಕಾಣುವ ಅದೇ ಬಿಳಿ. ತುಳಿತ ನಿಂತಾಗ ಒಳಕ್ಕೆ ಮಡಚಿದ, ಗಾಲಿಯನ್ನು ಹಿಡಿಯುವ ಸಣ್ಣ ಕೊಕ್ಕೆಗಳು ಆ ಜಿಡ್ಡಿನಲ್ಲಿ ಸಿಕ್ಕಿಕೊಂಡು ಮೇಲೇಳದೆ ಹೋಗಿದ್ದವು. ಹೊರಡುವ ದಿನ ಅವ್ವ ಹೇಳಿದ ಮಾತು ಪೂರ್ತಿಯಾಗಿ ನನಗೆ ಕೇಳಿಸಿದ್ದು ಆಗ.

ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ಸುಮ್ಮನಿರೋಣ ಎನಿಸಿತು. ಎಣ್ಣೆ ಹಾಕಿದ್ದು ಅವನಿಗೆ ಗೊತ್ತಿರಲಿಲ್ಲ. ಹೊಸ ಸೈಕಲ್ಲಿನ ತಪ್ಪು ಎಂದು ಅಂಗಡಿಯವನನ್ನು ಬೈದುಕೊಂಡು ಮುಗಿಸುತ್ತಿದ್ದ. ನಾನು ಇನ್ನೂ ಒಂದು ತಿಂಗಳು ಅವನ ಮನೆಯಲ್ಲಿ ಉಣ್ಣಬೇಕಾಗಿತ್ತು. ಆದರೆ ಕೆರೆಯ ದಂಡೆಯಲ್ಲಿ ಆ ಮಾತನ್ನು ಅವನು ಹೇಳಿದ್ದು ನನಗೆ. ನನ್ನ ತಪ್ಪಿಗೆ ಅವನು ಮತ್ತೆ ತನ್ನನ್ನೇ ಸುಳ್ಳುಗಾರ ಎಂದುಕೊಳ್ಳುವುದನ್ನು ನೋಡಲಾರದೆ ಹೋದೆ.

"ಸೈಕಲ್ಲೂ ನೀನೂ ಸರಿಯಾಗಿದ್ದೀರಿ. ನಿನ್ನೆ ಇದಕ್ಕೆ ನನ್ನ ತೆಂಗಿನೆಣ್ಣೆ ಹಾಕಿದೆ. ಚಳಿಗೆ ಗಟ್ಟಿಯಾಗಿದೆ. ತಪ್ಪು ನನ್ನದು."

ಅವನು ಯಾಕೆ ಎಂದು ಕೇಳಿದ. ಪೂಜೆಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ತಿಳಿಯಲಿಲ್ಲ. ಗೌರವಕ್ಕೆ ಎಂದೆ. ಅವನು ಅಡ್ಡಪಟ್ಟಿಯ ಮೇಲಿನ ವಿಭೂತಿಯನ್ನು ನೋಡಿದ, ನನ್ನನ್ನು ನೋಡಿದ. ಬೈಯುತ್ತಾನೆ ಎಂದು ಕಾದೆ.

"ಇದನ್ನು ಸರಿಮಾಡಲು ನಿನಗೆ ಬರುತ್ತದೆಯೇ?"

"ನಮ್ಮ ಅವ್ವನಿಗೆ ಬರುತ್ತದೆ" ಎಂದೆ.

ರಸ್ತೆಯಾಚೆ ಒಂದು ಮನೆಯ ಮುಂದೆ ಮುದುಕಿಯೊಬ್ಬಳು ಕಾಲಿಗೆ ಕಂಬಳಿ ಹೊದ್ದು, ಫ್ಲಾಸ್ಕ್ ಇಟ್ಟುಕೊಂಡು, ಪಂದ್ಯ ನೋಡುತ್ತಾ ಕೂತಿದ್ದಳು. ಓಡಿಹೋಗಿ ಕೈಸನ್ನೆಯಲ್ಲಿ ಕಾಫಿ ಕೇಳಿದೆ. ಅವಳು ಸಂತೋಷದಿಂದ ಒಂದು ಲೋಟ ಬಗ್ಗಿಸಿಕೊಟ್ಟಳು. ಅದನ್ನು ತಂದು ಫ್ರೀವೀಲಿನ ಮೇಲೆ ಸುರಿದೆ. ಎರಡನೆಯ ಲೋಟಕ್ಕೆ ಹೋದಾಗ ಅವಳ ಮುಖ ಗಂಟಾಗಿತ್ತು. ತನ್ನ ಕಾಫಿ ಚೆನ್ನಾಗಿಲ್ಲ ಎಂದು ಚೆಲ್ಲಿದೆ ಎಂದುಕೊಂಡಿರಬೇಕು. ವಿಮ್ಮಣ್ಣ ಕೂಗಿ ಏನೋ ಹೇಳಿದ. ಅವಳು ಎದ್ದು ಒಳಗೆ ಹೋಗಿ ಒಲೆಯ ಮೇಲಿದ್ದ ಕೆಟ್ಲನ್ನೇ ತಂದಳು. ಬಿಸಿನೀರು ಹುಯ್ಯುತ್ತಾ ಗಾಲಿ ತಿರುಗಿಸಿದೆವು. ಬಿಳಿ ಕರಗಿ ತೊಟ್ಟಿಕ್ಕಿತು. ಮೋಟಾರ್ ಸೈಕಲ್ಲಿನಲ್ಲಿ ಬಂದ ಪಂದ್ಯದ ಅಧಿಕಾರಿಯೊಬ್ಬ ಜೇಬಿನಿಂದ ನಿಯಮದ ಪುಸ್ತಕ ತೆಗೆದು ತಿರುವಿದ. ಕಾಫಿಯ ಬಗ್ಗೆ ಅದರಲ್ಲಿ ಏನೂ ಇಲ್ಲದ್ದರಿಂದ ಹೊರಟುಹೋದ.

ನಾನು ಫ್ರೀವೀಲಿನ ಹತ್ತಿರ ಕಿವಿ ಕೊಟ್ಟು ಪೆಡಲನ್ನು ಹಿಂದಕ್ಕೆ ತಿರುಗಿಸಿದೆ. ಒಳಗಿನಿಂದ ಗಿಟಗಿಟ ಎಂದಿತು. ಆಯಿತು, ಹೊರಡು ಎಂದೆ. ವಿಮ್ಮಣ್ಣ ನಂಬರಿನ ಪಿನ್ನನ್ನು ಮತ್ತೆ ಚುಚ್ಚಿಕೊಂಡು ಹಿಂದೆ ನೋಡದೆ ಹೋದ. ಇನ್ನು ತುಳಿಯುವುದನ್ನು ಒಂದು ಕ್ಷಣವೂ ನಿಲ್ಲಿಸಬೇಡ ಎಂದು ನಾನು ಅವನ ಬೆನ್ನಿಗೆ ಕನ್ನಡದಲ್ಲೇ ಕೂಗಿದೆ.

ಕೊನೆಯ ಗೆರೆ

ಗಾಳಿ ಎದುರಾಗಿತ್ತು. ವಿಮ್ಮಣ್ಣ ಹೇಳಿದ್ದು ಸರಿ, ಆ ಸೈಕಲ್ ಭಾರವೇ. ಓಡುವಾಗ ಕ್ಯಾನ್ವಾಸ್ ಶೂ ಒಂದು ಪಕ್ಕ ಬಾಯಿ ಬಿಟ್ಟಿತು, ನನ್ನ ಕಿರುಬೆರಳು ಹೊರಗೆ ಬಂದು ನಾಡು ನೋಡಿತು. ನಾನು ಗೆರೆ ಮುಟ್ಟಿದಾಗ ನನ್ನ ಹಿಂದೆ ಇನ್ನು ಯಾರೂ ಇರಲಿಲ್ಲ. ಆದರೂ ಜನ ಹೋಗದೆ ನಿಂತು ಚಪ್ಪಾಳೆ ತಟ್ಟಿದರು. ಕೊನೆಯವನಾಗಿ ಬರುವುದು ಅಷ್ಟು ಕೆಟ್ಟದ್ದೇನಲ್ಲ ಎಂದು ನನಗೆ ತಿಳಿದದ್ದು ಅಲ್ಲಿ.

ಗಂಗಾಧರ ಟವೆಲ್ ಹೊದಿಸಿದ. ವಿಮ್ಮಣ್ಣ ಬಂದನೇ ಎಂದೆ. ಬಂದ, ನಿನಗಿಂತ ಬಹಳ ಮುಂಚೆ ಎಂದ. ವಿಮ್ಮಣ್ಣನ ಬಾಯಿಂದ ಗಂಗಾಧರನಿಗೂ ಎಣ್ಣೆಯ ವಿಷಯ ಗೊತ್ತಾಗಿತ್ತು.

"ಎಲ್ಲಾ ಹೇಳ್ಬುಟ್ಟೇನ್ಲಾ?"

"ಹೇಳ್ದೆ."

"ನನ್ ಹೆಸ್ರೂ ಹೇಳ್ದಾ?"

"ಇಲ್ಲ ಬುಡು."

"ಹೇಳ್ಬೇಕಿತ್ತು ಕಣ್ಲಾ. ಬಾಟ್ಲು ಹಿಡ್ಕಂಡಿದ್ದು ನಾನಲ್ವೇ."

ಆಚೆ ವಿಮ್ಮಣ್ಣನ ಸುತ್ತ ಅವನ ಊರಿನವರು ಸೇರಿದ್ದರು. ಯಾಕೆ ಅಷ್ಟು ತಡವಾಯಿತು ಎಂದು ಯಾರೋ ಕೇಳಿದರು, ಮತ್ತೆ ಚೈನೇ ಎಂದು ಇನ್ಯಾರೋ ನಕ್ಕರಂತೆ. ವಿಮ್ಮಣ್ಣ ತನ್ನ ಭಾಷೆಯಲ್ಲಿ ನಿಧಾನವಾಗಿ ಏನೋ ಹೇಳಿದ. ನಗು ನಿಂತಿತು. ಆನೆಕೆ ನನ್ನ ಪಕ್ಕ ಬಂದು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು.

"ಈ ಸಲ ನಿಂತದ್ದು ಸೈಕಲ್ಲು. ಹೋದ ಸಲ ನಿಂತದ್ದು ಸೈಕಲ್ಲಲ್ಲ, ನಾನು ಅಂತ ಹೇಳಿದ."

ನಿಮಗೆ ಆಶ್ಚರ್ಯವಾಗಲಿಲ್ಲವೇ ಎಂದೆ. ಹೋದ ವರ್ಷ ಅವನ ಆಗಿನ ಸೈಕಲ್ಲನ್ನು ತೊಳೆದು ಒಳಗಿಟ್ಟವಳು ತಾನೇ, ಚೈನು ನೋಡಿದ್ದೆ ಎಂದಳು. ಒಂದು ವರ್ಷ ಅದನ್ನು ಬಾಯಿ ಬಿಡದೆ ಇಟ್ಟುಕೊಂಡಿದ್ದಳು. ಮಾತುಗಾತಿ ಎಂದು ನಾನು ತಿಳಿದಿದ್ದ ಹೆಂಗಸು ಅವಳು.

ನೊಣವಿನಕೆರೆ

ಊರಿಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಹಾಲು ಕರೆಯುವ ಯಂತ್ರಕ್ಕೂ ಅರವತ್ತು ಹಸುವಿಗೂ ಅವಳು ಹೂಂಗುಟ್ಟಿದಳು ಅಷ್ಟೆ. ಎಣ್ಣೆಯ ಕಥೆಗೆ ಮಾತ್ರ ಕೈಕೆಲಸ ನಿಲ್ಲಿಸಿದಳು.

"ಹೇಳಿದ್ನಲ್ಲಪ್ಪ. ನೀನ್ ಯಾವತ್ತೂ ಅರ್ಧ ಕೇಳ್ಕಂಡ್ ಓಡೋನೇ."

ಮುಂದಿನ ವರ್ಷ ವಿಮ್ಮಣ್ಣನ ಕಾಗದ ಬಂತು. ಮತ್ತೆ ಓಡುತ್ತೇನೆ, ಎಣ್ಣೆ ಒಂದು ಬಾಟಲಿ ಕಳಿಸು, ಸೈಕಲ್ಲಿಗಲ್ಲ ಮೈಗೆ ಎಂದು ಬರೆದಿದ್ದ. ಓದಿ ಹೇಳಿದ ದಿನವೇ ಅವ್ವ ಕೊಬ್ಬರಿ ಆರಿಸಲು ಕೂತಳು. ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಸದ್ದು ಮನಸ್ಸಿಗೆ ಬಂದದ್ದನ್ನು ಮಾತ್ರ ಪಕ್ಕಕ್ಕಿಟ್ಟಳು. ಎಣ್ಣೆ ತುಂಬಿ, ಬಿರಡೆ ಬಿಗಿದು, ಬಟ್ಟೆ ಸುತ್ತಿದ ಮೇಲೆ ನನ್ನನ್ನು ಕರೆದಳು.

"ಈ ಸತಿ ಬಾಯ್ನಾಗ್ ಹೇಳಾದ್ ಬ್ಯಾಡ. ಬರ್ದು ಅಂಟ್ಸು."

ಚಳಿಗೆ ಗಟ್ಟಿಯಾಗುತ್ತದೆ, ಒಲೆಯ ಪಕ್ಕ ಇಡಿ, ಮೈಗೆ ಹಚ್ಚಿ, ಸೈಕಲ್ಲಿಗೆ ಹಾಕಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದು ಚೀಟಿ ಅಂಟಿಸಿದೆ. ಅಕ್ಷರ ಬಾರದ ಅವ್ವ ಅದನ್ನು ನನ್ನಿಂದ ಎರಡು ಸಲ ಕನ್ನಡದಲ್ಲಿ ಓದಿಸಿ, ತಾನು ಹೇಳಿದ್ದೆಲ್ಲ ಇದೆಯೆಂದು ಖಾತ್ರಿ ಮಾಡಿಕೊಂಡಳು.

ಅವ್ವ ಹೋಗಿ ಈಗ ಬಹಳ ವರ್ಷವಾಯಿತು. ಆ ಸುದ್ದಿ ಬರೆದಾಗ ಉತ್ತರ ಬರೆದವಳು ಆನೆಕೆ. ಎಣ್ಣೆ ಎಂದೋ ಮುಗಿದಿದೆ, ಆದರೆ ಬಾಟಲಿ ಒಲೆಯ ಮೇಲಿನ ಹಲಗೆಯಲ್ಲೇ ಇದೆ, ಚೀಟಿಯಲ್ಲಿ ಹಾಗೆ ಇಡಿ ಎಂದು ಬರೆದಿದೆಯಲ್ಲ ಎಂದಿದ್ದಳು.